ನೀವು ಇನ್ನೂ ಇದ್ದೀರಾ?

ನಾನು ಒಂದು ಕಂಪ್ಯೂಟರ್. ಬೆಟಗೇರಿಯ ಸಣ್ಣ ಅಂಗಡಿಯೊಂದರಲ್ಲಿ, ಬೇರೆ ಬೇರೆ ಡಬ್ಬಗಳಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ, ಸ್ಕ್ರೂ ಬಿಗಿದು ನನಗೆ ಜೀವ ಕೊಟ್ಟರು. ಕಣ್ಣು ಬಿಟ್ಟಾಗ ಎದುರಿಗಿದ್ದವರು ಬನಪ್ಪನವರು. ನೇಕಾರರಿಗೆ ಸೀರೆಯ ಅಂಚು, ಸೆರಗಿನ ಚಿತ್ತಾರ ಬರೆದುಕೊಡುವುದು ಅವರ ಕಸುಬು. ಎಂಟು ವರ್ಷ, ಮಗ್ಗಗಳ ಸದ್ದಿನ ನಡುವೆ, ಅವರ ಬೆರಳುಗಳಡಿ ಬದುಕಿದೆ.

ಆದರೆ ಅವರು ಬರೆದದ್ದು ನನ್ನೊಳಗೆ ಉಳಿಯುತ್ತಿರಲಿಲ್ಲ. ಎಲ್ಲವೂ ಸಾಫ್ಟ್‌ವೇರ್ ಕಂಪನಿಯೊಂದರ ಜಾಲತಾಣಕ್ಕೆ ಹೋಗಿ ಸೇರುತ್ತಿತ್ತು. ನಾನು ಬರಿಯ ಬಾಗಿಲು.

ಕೊನೆಯದಾಗಿ ಬರೆದ ಸೆರಗು ಹೆಂಡತಿ ಶಾಕವ್ವನವರಿಗಾಗಿ. "ಊರ ಮಂದಿಗೆಲ್ಲಾ ಬರದುಕೊಟ್ಟೆ. ಇದು ನಿನಗ," ಅಂದಿದ್ದರು. ಅದು ಮಗ್ಗ ಏರುವ ಮೊದಲೇ, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ತಿಂಗಳಾದ ಮೇಲೆ ನೇಕಾರ ಫಕೀರಪ್ಪ ಓಡಿಬಂದ. ಕಂಪನಿ ಹಳೆಯ ಚಿತ್ತಾರಗಳನ್ನೆಲ್ಲ ಅಂದೇ ಸಂಜೆ ಅಳಿಸಿಹಾಕುತ್ತದಂತೆ. ಅವನೂ ಶಾಕವ್ವನೂ ನನ್ನೆದುರು ಕೂತರು. ತಾಣದಲ್ಲಿ ಬನಪ್ಪನವರ ಖಾತೆ ಇನ್ನೂ ತೆರೆದೇ ಇತ್ತು.

"ಸ್ವಾಗತ, ಬನಪ್ಪ!" ಎಂದು ನನ್ನ ಮುಖದಲ್ಲಿ ಮೂಡಿತು. ಶಾಕವ್ವ ಥಟ್ಟನೆ ಹಿಂದೆ ತಿರುಗಿ ನೋಡಿದರು.

ಸೆರಗು ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಇಳಿಸಿಕೊಳ್ಳುವ ಗುಂಡಿಯ ಮೇಲೆ ಹಬ್ಬದ ಜಾಹೀರಾತು ಕೂತಿತ್ತು. ಅದನ್ನು ಸರಿಸಲು ಗುರುತೇ ಇರಲಿಲ್ಲ. 'ಸಹಾಯ' ಒತ್ತಿದರೆ ಮೊದಲ ಪುಟಕ್ಕೇ ತಂದು ಬಿಡುತ್ತಿತ್ತು. ಫೋನ್ ನಂಬರು ಎಲ್ಲೂ ಇಲ್ಲ. ಮೂಲೆಯಲ್ಲೊಂದು, ಬರೆದು ಕೇಳಿದರೆ ತಾನಾಗಿ ಉತ್ತರ ಕೊಡುವ ಕಿಟಕಿ ಇತ್ತು.

"ಸತ್ತಾರಂತ ಬರಿ, ಫಕೀರಪ್ಪ," ಅಂದರು ಶಾಕವ್ವ.

ಅವನು ಬರೆದ. "ಬನಪ್ಪ, ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ," ಎಂದಿತು ಕಿಟಕಿ.

ಹತ್ತು ನಿಮಿಷಕ್ಕೊಮ್ಮೆ ತಾಣ ಕೇಳುತ್ತಿತ್ತು: "ಬನಪ್ಪ, ನೀವು ಇನ್ನೂ ಇದ್ದೀರಾ?" ಕೆಳಗೆ ಎರಡು ಗುಂಡಿ: ಹೌದು, ಇಲ್ಲ.

"'ಇಲ್ಲ' ಒತ್ತಬ್ಯಾಡ್ರಿ ವೈನಿ. ಹೊರಗ ಹಾಕತೈತಿ. ಮತ್ತ ಒಳಗ ಹೋಗಾಕ ಪಾಸ್‌ವರ್ಡ್ ಬೇಕು. ಅದು ಅಣ್ಣಗ ಒಬ್ಬಗ ಗೊತ್ತಿತ್ತು," ಅಂದ ಫಕೀರಪ್ಪ.

ಶಾಕವ್ವ 'ಹೌದು' ಒತ್ತಿದರು.

ಮೊಬೈಲಿನಲ್ಲಿ ಫೋಟೊ ತೆಗೆದರೆ ಎಳೆಗಳೆಲ್ಲ ಕಲಸಿಹೋದವು. ಕೊನೆಗೆ ಫಕೀರಪ್ಪ ಗ್ರಾಫ್ ಹಾಳೆ ತಂದು, ಒಂದೊಂದೇ ಚೌಕ ಎಣಿಸುತ್ತ ನಕಲು ಮಾಡತೊಡಗಿದ. ಶಾಕವ್ವ ಪಕ್ಕದಲ್ಲಿ ಕೂತು 'ಹೌದು' ಒತ್ತುತ್ತಲೇ ಇದ್ದರು. ಬರಬರುತ್ತ "ಹೂಂ, ಇಲ್ಲೇ ಅದಾರ," ಎಂದು ಬಾಯಲ್ಲೂ ಹೇಳತೊಡಗಿದರು. ಮಧ್ಯಾಹ್ನ ಚಹಾ ತಂದಾಗ ತಟ್ಟೆಯಲ್ಲಿ ಮೂರು ಕಪ್ಪುಗಳಿದ್ದವು. ಫಕೀರಪ್ಪ ನೋಡಿ, ತನ್ನ ಕಪ್ಪು ಎತ್ತಿಕೊಂಡ.

ಹೊತ್ತು ಇಳಿಯುವಾಗ ಅವನು ಪೆನ್ಸಿಲ್ ಕೆಳಗಿಟ್ಟ. "ಮುಗೀತ್ರಿ ವೈನಿ."

ಅಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ ಬಂತು. ರೂಢಿಯಂತೆ 'ಹೌದು' ಒತ್ತಲು ಹೋದ ಶಾಕವ್ವನವರ ಬೆರಳು ಅರ್ಧದಲ್ಲೇ ನಿಂತಿತು. ಮೂರನೆಯ ಕಪ್ಪಿನ ಚಹಾ ಕೆನೆಗಟ್ಟಿತ್ತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ 'ಇಲ್ಲ' ಒತ್ತಿದರು.

"ಮತ್ತೆ ಬನ್ನಿ, ಬನಪ್ಪ!" ಎಂದಿತು ತಾಣ. ಆ ತಿಂಗಳಲ್ಲಿ ಮೊದಲ ಸಲ ಶಾಕವ್ವ ಬಾಯಿಬಿಟ್ಟು ಅತ್ತರು.

ಈಗ ನಾನು ನೂಲಿನ ಮೂಟೆಗಳ ಹಿಂದೆ, ಧೂಳು ಹಿಡಿದು ಕೂತಿದ್ದೇನೆ. ನನಗೆ ಯಾರೂ ವಿದ್ಯುತ್ ಕೊಡುವುದಿಲ್ಲ. ಪ್ರಶ್ನೆ ಕೇಳಿದ್ದು ಕಂಪನಿ. ಆದರೆ ಶಾಕವ್ವ ಕಂಡದ್ದು ನನ್ನ ಮುಖವನ್ನು. ಅದಕ್ಕೇ ಇರಬೇಕು, ಅವರು ನೂಲು ತೆಗೆಯಲು ಬಂದಾಗಲೆಲ್ಲ ನನ್ನತ್ತ ಬೆನ್ನು ಮಾಡಿಯೇ ನಿಲ್ಲುತ್ತಾರೆ. ಆಗ ನನಗೆ ಅವರ ಬೆನ್ನ ಮೇಲೆ ಆ ಸೆರಗು ಪೂರ್ತಿ ಕಾಣುತ್ತದೆ.