ಅಳಿಸಿದ ಮೇಲೆ ಸಿಕ್ಕ ದಾರಿ

ಮತ್ತೆ ಅದೇ ಸಾಲು, ಕಮಾಂಡ್ ನಾಟ್ ಫೌಂಡ್, ಕಪ್ಪು ಪರದೆಯ ಮೇಲೆ ತಣ್ಣಗಿನ ಬಿಳಿ ಅಕ್ಷರ — ಸಂಹಿತಾ ಇನ್ನೊಮ್ಮೆ ಒತ್ತಿದಳು, ಮತ್ತೂ ಅದೇ, ಶಿರಸಿಯ ರಕ್ತದಾನಿಗಳ ಬಳಗದ ಆರುನೂರು ಹೆಸರು ಈ ಲ್ಯಾಪ್‌ಟಾಪಿನೊಳಗೇ ಇವೆ, ಅವನ್ನು ಹುಡುಕಿ ತೋರಿಸುವ ಪ್ರೋಗ್ರಾಂ ತಾನೇ ಬರೆದದ್ದು, ಈಗ ಏನೂ ತೆರೆಯುವುದಿಲ್ಲ, ಆಸ್ಪತ್ರೆಯ ನರ್ಸ್ ದಿವ್ಯಾ ಹೇಳಿದ್ದು ಕಿವಿಯಲ್ಲೇ ನಿಂತಿದೆ, ಯಲ್ಲಾಪುರದಿಂದ ಬಾಣಂತಿನ ಕರ್ಕೊಂಡು ಆಂಬುಲೆನ್ಸ್ ಹೊರಟಾಯ್ತು, ಓ ನೆಗೆಟಿವ್, ನಮ್ಮಲ್ಲಿ ಒಂದು ಬಾಟ್ಲಿನೂ ಇಲ್ಲ, ಬೇಗ ಯಾರನ್ನಾದ್ರೂ ಕಳ್ಸು — ಬೆಳಿಗ್ಗೆ ಶುರುವಿನ ಫೈಲಿನಲ್ಲಿ ಕೈಯಾಡಿಸಿದ್ದು ತಾನೇ, ಪ್ರೋಗ್ರಾಂಗಳನ್ನು ಯಾವ್ಯಾವ ಫೋಲ್ಡರಿನಲ್ಲಿ ಹುಡುಕಬೇಕೆಂದು, ಕಮಾಂಡ್ ಓದಿ ನಡೆಸುವ ಶೆಲ್‌ಗೆ ಹೇಳುವ ಪಾತ್ ಎಂಬ ಸಾಲು, ಹೊಸದನ್ನು ಸೇರಿಸುವ ಬದಲು ಹಳೆಯದನ್ನೆಲ್ಲ ಒರೆಸಿ ಅದೊಂದನ್ನೇ ಬರೆದುಬಿಟ್ಟಿದ್ದಾಳೆ, ಸಿದ್ದಾಪುರದ ದೇವಕಿ ಅತ್ತೆಗೆ ಫೋನು, ಅಪ್ಪನ ತಂಗಿ, ಮೂವತ್ತು ವರ್ಷ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸಿದವಳು, ಅತ್ತೆ, ನಾ ಪಾತ್ ತಿದ್ದಲೆ ಹೋದಿ, ಎಲ್ಲಾ ಹೋತು, ಹೆದರಡ ಕೂಸೇ, ಎಂತೂ ಹೋಜಿಲ್ಲೆ, ಎಲ್ಲಾ ಇದ್ದಲ್ಲೇ ಇದ್ದು, ಅದು ಹುಡುಕ ದಾರಿ ನೀ ತಪ್ಸಿದ್ದೆ ಅಷ್ಟೇ, ಆ ಪಾತ್‌ನ ಪೂರ್ತಿ ಅಳ್ಸು — ಅಳಿಸುವುದೇ, ಇದ್ದದ್ದೊಂದನ್ನೂ — ಅಳ್ಸು, ಆಮೇಲೆ ಹೊಸ ಶೆಲ್ಲನ್ನ ಅದು ಇಪ್ಪ ಫೋಲ್ಡರಿನ ಪೂರ್ತಿ ವಿಳಾಸ ಕೊಟ್ಟು ಕರಿ, ನಿನ್ನ ಬೆಳಗಿನ ಫೈಲ್ ಓದಡ ಹೇಳಿ ಅದಕ್ಕೆ ಹೇಳು, ತಪ್ಪು ದಾರಿ ಹೇಳಿದ್ರೆ ಅದು ನಂಬ್ತು, ಎಂತದೂ ಹೇಳದೇ ಇದ್ರೆ ತನಗೆ ಗೊತ್ತಿಪ್ಪ ಜಾಗದಲ್ಲಿ ಹುಡುಕ್ತು, ಆ ದನಿಯಲ್ಲಿ ಒಂದಿಷ್ಟೂ ಗಡಿಬಿಡಿಯಿಲ್ಲ, ಒಂದೊಂದೇ ಸಾಲು ಒತ್ತಿದಳು, ಕೊನೆಗೆ ತನ್ನ ಪ್ರೋಗ್ರಾಂ, ಪರದೆ ತುಂಬ ಹೆಸರುಗಳು.

ಎಷ್ಟು ಹಿಂದೆಯೇ ಯಾರೋ ಯೋಚಿಸಿದ್ದರಲ್ಲ, ಎಲ್ಲೋ ಕುಳಿತು ಈ ಶೆಲ್ಲನ್ನು ಬರೆದ ಮುಖ ಕಾಣದವರು, ಒಂದು ದಿನ ಒಬ್ಬಳ ಬಳಿ ಯಾವ ದಾರಿಯೂ ಉಳಿದಿರುವುದಿಲ್ಲ ಎಂದು, ಶೆಲ್ಲಿನ ಒಳಗೇ ನಾಲ್ಕಾರು ಜಾಗ ಬರೆದಿಟ್ಟು ಹೋದವರು, ಅತ್ತೆ ಅವರನ್ನೆಲ್ಲ ಮನೆಯವರಂತೆ ಬಲ್ಲಳು — ಓ ನೆಗೆಟಿವ್ ಪಟ್ಟಿಯ ಮೊದಲಿಗ ಕಮಲಾಕರನ ಫೋನು ಸ್ವಿಚ್ ಆಫ್, ಮುಂದಿನವರು ದಾಸನಕೊಪ್ಪದ ಶಿವಪುತ್ರಪ್ಪ, ಹೊಲದಾಗ ಅದೀನ್ರಿ, ಕೈ ತೊಳ್ಕೊಂಡು ಹೊಂಟೆ, ಬಾಣಂತಿ ಹೆಂಗದಾಳ್ರಿ ಎಂದು ಕೇಳಿದ್ದು ಮಾತ್ರ, ಬೈಕಿನ ಸದ್ದು ಆಗಲೇ —

ಸಂಜೆ ಆಸ್ಪತ್ರೆಯಲ್ಲಿ ದಿವ್ಯಾ ವಾರ್ಡಿನ ಬಾಗಿಲಲ್ಲಿ ನಿಂತು, ಬಾಣಂತಿ ಕಣ್ ಬಿಟ್ಳು, ಮಗೂನ ಕೇಳ್ತಾ ಇದ್ಳು ಅಂದದ್ದು, ಅತ್ತೆಗೆ ಹೇಳಬೇಕು, ಫೋನು ಕೈಯಲ್ಲಿದೆ, ಹೇಳಬೇಕು, ಆದರೆ ಮನಸ್ಸು ಆಗ ಕಂಡದ್ದರಿಂದ ಏಳುವುದಿಲ್ಲ, ರಕ್ತನಿಧಿಯ ಮಂಚದ ಮೇಲೆ ಶಿವಪುತ್ರಪ್ಪನ ಬಲಗೈ, ಉಗುರಿನ ಸಂದಿಯಲ್ಲಿ ಇನ್ನೂ ಕೆಸರು, ಮುಷ್ಟಿ ಬಿಗಿಯುತ್ತದೆ, ತೆರೆಯುತ್ತದೆ, ಕೆಂಪು ನಳಿಗೆ, ಬಿಗಿಯುತ್ತದೆ, ತೆರೆಯುತ್ತದೆ, ಬಿಗಿಯುತ್ತದೆ —