ಪಾರ್ವತೆಮ್ಮ ಮಡಚಿಟ್ಟ ಅರಿವೆ

ಹೈದರಾಬಾದಿನ ಕುಷಾಯಿಗೂಡದ ಆ ಓಣಿಯಲ್ಲಿ ಬೇಸಿಗೆ ಬಂತೆಂದರೆ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋಗುತ್ತಿತ್ತು, ನಾಲ್ಕಕ್ಕೆ ಬರುತ್ತಿತ್ತು. ಹೆಂಗಸರು ಅದಕ್ಕೆ ಒಗ್ಗಿಕೊಂಡಿದ್ದರು. ಎರಡರೊಳಗೆ ಮಿಕ್ಸರ್ ತಿರುಗಿಸಿ, ನೀರಿನ ಮೋಟಾರು ಹಾಕಿ, ಆಮೇಲೆ ಬಾಗಿಲು ತೆರೆದು ಗಾಳಿಗೆ ಕೂರುತ್ತಿದ್ದರು. ಒಗ್ಗದೆ ಉಳಿದದ್ದು ಪಾರ್ವತೆಮ್ಮನ ಮನೆಯ ಲ್ಯಾಪ್‌ಟಾಪ್ ಒಂದೇ.

ಅದು ಸೊಸೆ ಉಮಾಶ್ರೀಗೆ ಕಂಪನಿ ಕೊಟ್ಟದ್ದು. ಹೈದರಾಬಾದಿನಲ್ಲಿ ಬೀದಿಗೊಂದು ಕಂಪ್ಯೂಟರ್ ಕಚೇರಿ ತೆರೆಯುತ್ತಿದ್ದ ಕಾಲವದು. ಹೊರದೇಶದ ಡಾಕ್ಟರುಗಳು ತಮ್ಮ ರೋಗಿಗಳ ವಿಷಯ ಮಾತಾಡಿ ಕಳಿಸುತ್ತಿದ್ದರು. ಅದನ್ನು ಕಿವಿಗೊಟ್ಟು ಕೇಳಿ ಟೈಪ್ ಮಾಡುವುದು ಉಮಾಶ್ರೀಯ ಕೆಲಸ. ಮೊದಲು ಎರಡು ಬಸ್ಸು ಬದಲಿಸಿ ಅಮೀರ್‌ಪೇಟೆಯ ಕಚೇರಿಗೆ ಹೋಗುತ್ತಿದ್ದಳು. ಮಗಳು ಲಹರಿ ಹುಟ್ಟಿದ ಮೇಲೆ ಮನೆಯಿಂದಲೇ ಮಾಡುತ್ತೇನೆಂದು ಕೇಳಿಕೊಂಡಳು. ಕಂಪನಿಯವರು ಹಳೆಯದೊಂದು ಲ್ಯಾಪ್‌ಟಾಪ್ ಕೊಟ್ಟು, ಒಂದು ತಿಂಗಳು ನೋಡೋಣ ಎಂದರು. ದಿನದ ಫೈಲು ಸಂಜೆ ಐದರೊಳಗೆ ಬರಬೇಕು. ಬಾರದಿದ್ದರೆ ಅವಳೇ ಕಚೇರಿಗೆ ಬರಬೇಕು. ಲಹರಿಗೆ ಆಗ ಒಂಬತ್ತು ತಿಂಗಳು ತುಂಬುತ್ತ ಬಂದಿತ್ತು. ತಾಯಿಯ ಹಾಲು ಬಿಟ್ಟಿರಲಿಲ್ಲ.

ಪಾರ್ವತೆಮ್ಮನಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಆ ಯಂತ್ರವನ್ನು ಬಲು ಜೋಪಾನ ಮಾಡುತ್ತಿದ್ದಳು. ಹುಮನಾಬಾದಿನ ತವರಿನಲ್ಲಿ ಬೆಲೆಯುಳ್ಳ ಯಾವ ವಸ್ತುವನ್ನೂ ಬರಿದೆ ಇಟ್ಟ ರೂಢಿಯಿಲ್ಲ. ಹೊಲಿಗೆ ಯಂತ್ರಕ್ಕೊಂದು ಕೌದಿ, ರೇಡಿಯೋಗೊಂದು ಕೌದಿ. ಲ್ಯಾಪ್‌ಟಾಪಿಗೂ ತನ್ನ ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಜೋಡಿಸಿ ಒಂದು ಪುಟ್ಟ ಕೌದಿ ಹೊಲಿದಳು. ಉಮಾಶ್ರೀ ಮಗುವಿಗೆ ಹಾಲೂಡಿಸಲು ಎದ್ದಾಗ ಅದನ್ನು ಮುಚ್ಚಿ, ಕೌದಿಯಲ್ಲಿ ಸುತ್ತಿ ಮಂಚದ ಮೇಲಿಡುವುದು ಅತ್ತೆಯ ಪಾಲಿನ ಕೆಲಸವಾಯಿತು.

ಒಂದು ಸೋಮವಾರ ಮೂರೂವರೆಗೆ ಉಮಾಶ್ರೀ ಕೌದಿ ಬಿಚ್ಚಿದರೆ ಪರದೆ ಕಪ್ಪಗಿತ್ತು. ನಾಲ್ಕಕ್ಕೆ ಕರೆಂಟು ಬಂದ ಮೇಲೆ ಯಂತ್ರ ಎದ್ದಿತು, ಆದರೆ ಬೆಳಗಿನಿಂದ ಟೈಪ್ ಮಾಡಿದ್ದು ಇರಲಿಲ್ಲ. ಬುಧವಾರವೂ ಹಾಗೇ ಆಯಿತು. ಮುಚ್ಚಳ ಹಾಕಿದರೆ ಯಂತ್ರ ತಾನೇ ನಿದ್ದೆಗೆ ಹೋಗುತ್ತದೆ, ಇಡೀ ದಿನ ಹಾಗೇ ಇರಬಲ್ಲದು ಎಂದು ಕಚೇರಿಯಲ್ಲಿ ಕಲಿಸಿದ್ದರು. ಆ ನಂಬಿಕೆಯ ಮೇಲೆ ಅವಳು ಸೇವ್ ಮಾಡುವುದನ್ನು ಕೊನೆಗೆ ಬಿಡುತ್ತಿದ್ದಳು.

“ಮುಚ್ಚಿಟ್ಟ ಡಬ್ಬಿಯೊಳಗಿನ ಸಾಮಾನು ಎಲ್ಲಿಗೆ ಹೋಗ್ತದ?” ಎಂದಳು ಪಾರ್ವತೆಮ್ಮ. “ನಿನ್ನ ಕಂಪನ್ಯಾಗ ಗುಜರಿಗೆ ಹಾಕೂದನ್ನ ನಿನಗ ಕೊಟ್ಟಾರ.”

ಆ ಸಂಜೆ ಕಂಪನಿಯಿಂದ ಫೋನು ಬಂತು. ಇನ್ನೊಮ್ಮೆ ತಪ್ಪಿದರೆ ಯಂತ್ರ ವಾಪಸು ತನ್ನಿ, ಕಚೇರಿಗೆ ಬನ್ನಿ ಎಂದರು. ಉಮಾಶ್ರೀ ಫೋನಿಟ್ಟು, ಅಲ್ಮಾರಿಯ ಮೇಲಿದ್ದ ಕಚೇರಿಯ ಚೀಲವನ್ನು ಇಳಿಸಿ ಧೂಳು ಒರೆಸಿಟ್ಟಳು. ಪಾರ್ವತೆಮ್ಮ ಅದನ್ನು ಕಂಡೂ ಕಾಣದವಳಂತೆ ತೊಟ್ಟಿಲು ತೂಗಿದಳು.

ಮರುದಿನ ಗುರುವಾರ. ಪಕ್ಕದ ಮನೆಯ ಹುಸೇನಮ್ಮನಿಗೆ ವಾರದ ರಜೆ. ರಾಯಚೂರಿನ ಕಡೆಯ ಹುಸೇನಮ್ಮ ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಕರೆಂಟು ಹೋದಾಗ ಕಂಪ್ಯೂಟರನ್ನು ನಡೆಸುವ ಬ್ಯಾಟರಿ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ಅವನ್ನು ಪರೀಕ್ಷಿಸುವ ಮೇಜಿನ ಮುಂದೆ ಅವಳು ಆರು ವರ್ಷ ಕಳೆದಿದ್ದಳು. ಮೂರಕ್ಕೆ, ಕರೆಂಟಿಲ್ಲದ ಹೊತ್ತಿನಲ್ಲಿ ಮಾತಿಗೆಂದು ಬಂದವಳು, ಮಂಚದ ಮೇಲಿನ ಗಂಟನ್ನು ಸರಿಸಲು ಕೈ ಹಾಕಿ ನಿಂತುಬಿಟ್ಟಳು.

“ಅಕ್ಕಾ, ಇದರಾಗ ರೊಟ್ಟಿ ಕಟ್ಟಿಟ್ಟೀರೇನ್ರಿ? ಬಿಸಿ ಐತಲ್ಲ.”

ಕೌದಿ ಬಿಚ್ಚಿದರು. ಲ್ಯಾಪ್‌ಟಾಪ್ ಮುಟ್ಟಲಾರದಷ್ಟು ಕಾದಿತ್ತು. ಮುಚ್ಚಳದ ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಎತ್ತಿ ನೋಡಿದರೆ ಪರದೆಗೂ ಅಕ್ಷರದ ಗುಂಡಿಗಳಿಗೂ ನಡುವೆ ನಾಲ್ಕು ಮಡಿಕೆಯ ಅರಿವೆ. ಬ್ಯಾಟರಿ ನೂರಕ್ಕೆ ಎಂಟು ಉಳಿದಿತ್ತು. ಹುಸೇನಮ್ಮ ಕರೆದ ಕೂಡಲೇ ಉಮಾಶ್ರೀ ಮಗುವನ್ನು ಸೊಂಟದ ಮೇಲೆ ಹೊತ್ತು ಓಡಿಬಂದು, ಒಂದೇ ಕೈಯಲ್ಲಿ ಅಂದಿನ ಕೆಲಸವನ್ನು ಸೇವ್ ಮಾಡಿದಳು.

ಅರಿವೆ ಇಟ್ಟವಳು ಪಾರ್ವತೆಮ್ಮ. ಬೇಗಂ ಬಜಾರಿನಲ್ಲಿ ಸ್ಟೀಲಿನ ತಟ್ಟೆ ಕೊಂಡರೂ ಅವಳು ಎರಡರ ನಡುವೆ ಕಾಗದ ಇಡಿಸದೆ ಕಟ್ಟಿಸಿಕೊಂಡವಳಲ್ಲ. ಗಾಜಿಗೆ ಗುಂಡಿ ತಾಗಿ ಗೀರು ಬಿದ್ದೀತೆಂದು ಇಲ್ಲಿಯೂ ಅದನ್ನೇ ಮಾಡಿದ್ದಳು.

ಹುಸೇನಮ್ಮ ಮುಚ್ಚಳದ ಕೀಲಿನ ಹತ್ತಿರ ಬೆರಳಿಟ್ಟು ತೋರಿಸಿದಳು. ಅಲ್ಲಿ ಸಾಸಿವೆಕಾಳಿನಷ್ಟು ಒಂದು ಗುಂಡಿಯಿತ್ತು. ಮುಚ್ಚಳ ಪೂರ್ತಿ ಕೂತು ಅದನ್ನು ಒತ್ತಿದರೆ ಮಾತ್ರ ಯಂತ್ರಕ್ಕೆ ಮಲಗಬೇಕೆಂದು ತಿಳಿಯುತ್ತದೆ. ಅರಿವೆ ಅಡ್ಡ ಬಂದದ್ದರಿಂದ ಅದು ಕರೆಂಟು ಹೋದಾಗಿನಿಂದ ಕೌದಿಯೊಳಗೆ ಎಚ್ಚರವಾಗಿಯೇ ಕೂತಿತ್ತು. ಒಳಗಿನ ಫ್ಯಾನಿಗೆ ಗಾಳಿಯಿಲ್ಲ. ಕಾದಷ್ಟೂ ಫ್ಯಾನು ಜೋರಾಗಿ ತಿರುಗುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ.

ಪಾರ್ವತೆಮ್ಮ ಅರಿವೆಯನ್ನು ಕೈಯಲ್ಲಿ ಹಿಡಿದು ಕೂತಳು. “ಒಳ್ಳೇದಾಗ್ಲಿ ಅಂತ ಇಟ್ಟಿದ್ದೆವ್ವ,” ಎಂದಳು.

“ನಾನರೆ ಒಂದಿನ ನೋಡಿದ್ನೇನು, ಅತ್ತಿ?” ಎಂದಳು ಉಮಾಶ್ರೀ. “ಸುತ್ತಿಡ್ರಿ ಅಂದವಳೂ ನಾನೇ.”

ಆಮೇಲೆ ಪಾರ್ವತೆಮ್ಮ ಕೇಳಿದಳು, ಇಷ್ಟೆಲ್ಲ ತಾಪತ್ರಯ ಯಾಕೆ, ಎದ್ದಾಗೊಮ್ಮೆ ಪೂರ್ತಿ ಬಂದ್ ಮಾಡಿದರಾಯಿತಲ್ಲ ಎಂದು. ಈ ಹಳೆಯ ಯಂತ್ರ ಮತ್ತೆ ಶುರುವಾಗಿ, ಡಾಕ್ಟರ ಮಾತು ಎಲ್ಲಿಗೆ ನಿಂತಿತ್ತೆಂದು ಹುಡುಕುವುದರೊಳಗೆ ಕಾಲು ತಾಸು ಹೋಗುತ್ತದೆ, ಮಗು ದಿನಕ್ಕೆ ಆರು ಸಲ ಏಳಿಸುತ್ತದೆ ಎಂದಳು ಉಮಾಶ್ರೀ.

ಮೂಲೆಯಲ್ಲಿ ಅರ್ಧ ಹೊಲಿದ ಕೌದಿಯೊಂದು ಇತ್ತು. ಹುಸೇನಮ್ಮ ಅದನ್ನು ಎಳೆದುಕೊಂಡಳು.

“ನೋಡ್ರಿ ಅಕ್ಕಾ, ಇದಕ್ಕ ಮೂರು ನಮೂನಿ ಐತಿ. ಸ್ಟ್ಯಾಂಡ್‌ಬೈ ಅಂದ್ರ ನೀವು ಸೂಜಿ ಕೈಯಾಗ ಹಿಡ್ಕೊಂಡೇ ತೂಕಡಿಸಿದಂಗ. ಕರದ್ರ ಪಟ್ನ ಏಳ್ತೀರಿ. ಆದ್ರ ಕೈ ಸೋತು ಸೂಜಿ ಬಿತ್ತಂದ್ರ ಎಲ್ಲಿಗೆ ನಿಂತಿತ್ತು ಗೊತ್ತಾಗೂದಿಲ್ಲ. ಹೈಬರ್ನೇಟ್ ಅಂದ್ರ ಸೂಜಿ ಅಲ್ಲೇ ಚುಚ್ಚಿ, ಕೌದಿ ಮಡಚಿ ಟ್ರಂಕಿನ್ಯಾಗ ಇಟ್ಟಂಗ. ವಾರ ಬಿಟ್ಟು ತಗದ್ರೂ ಸೂಜಿ ಅದೇ ಜಾಗಾದಾಗ ಇರ್ತದ. ಶಟ್‌ಡೌನ್ ಅಂದ್ರ ಗಂಟು ಹಾಕಿ ದಾರ ಹರದಂಗ. ಕೆಲಸ ಮುಗಿದ ಮ್ಯಾಲ ಅದು.”

“ಬ್ಯಾಟರಿ ಇಲ್ಲದ ಹೆಂಗ ನೆನಪಿಟ್ಕೊಂತದ?” ಪಾರ್ವತೆಮ್ಮ ಇನ್ನೂ ಒಪ್ಪಿರಲಿಲ್ಲ. “ಬಾಯಿ ಮಾತು ಬ್ಯಾಡ. ಬ್ಯಾಟರಿ ತಗದು ತೋರಸು.”

ಹುಸೇನಮ್ಮ ನಕ್ಕಳು. “ನಮ್ಮ ಕಾರ್ಖಾನಿಗೆ ಬರ್ರಿ ಅಕ್ಕಾ. ನಿಮ್ಮಂಥವ್ರೇ ಬೇಕು ಅಲ್ಲಿ.”

ಕರೆಂಟು ಬಂದು, ಅಂದಿನ ಫೈಲು ಹೋದ ಮೇಲೆ ಮೂವರೂ ಯಂತ್ರದ ಮುಂದೆ ಕೂತರು. ಹುಸೇನಮ್ಮ ಹೇಳಿದಂತೆ ಉಮಾಶ್ರೀ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ಎಂಬುದನ್ನು ತೆರೆದಳು. ಹೈಬರ್ನೇಟ್ ಎಂಬುದಕ್ಕೆ ಗುರುತೇ ಹಾಕಿರಲಿಲ್ಲ. ಹಾಕಿದಳು. ಮುಚ್ಚಳ ಮುಚ್ಚಿದರೆ ಹೈಬರ್ನೇಟ್ ಆಗಲಿ ಎಂದು ಆರಿಸಿದಳು. ಬ್ಯಾಟರಿ ನೂರಕ್ಕೆ ಹದಿನೈದು ಉಳಿದಾಗ ಸದ್ದು ಮಾಡಲಿ ಎಂದೂ ಇಟ್ಟಳು.

ಆಮೇಲೆ ಖಾಲಿ ಹಾಳೆಯೊಂದನ್ನು ತೆರೆದು ಲಹರಿಯ ಹೆಸರನ್ನು ಟೈಪ್ ಮಾಡಿ, ಸೇವ್ ಮಾಡದೆ ಮುಚ್ಚಳ ಹಾಕಿದಳು. ಒಳಗೆ ಕೊಂಚ ಹೊತ್ತು ಗುರ್‌ಗುರ್ ಸದ್ದಾಯಿತು. ಮುಂದಿನ ಪುಟ್ಟ ದೀಪ ಆರಿತು. ಹುಸೇನಮ್ಮ ಪ್ಲಗ್ ಕಿತ್ತಳು, ಯಂತ್ರವನ್ನು ಬೋರಲು ಹಾಕಿ ಬ್ಯಾಟರಿಯನ್ನೂ ತೆಗೆದು ಪಾರ್ವತೆಮ್ಮನ ಕೈಗಿಟ್ಟಳು. ಪಾರ್ವತೆಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಒಂದು ಲೋಟ ಚಹಾ ಕುಡಿದು ಮುಗಿಸಿದಳು. ಬ್ಯಾಟರಿ ಮತ್ತೆ ಹಾಕಿ ಗುಂಡಿ ಒತ್ತಿದಾಗ ಮೊಮ್ಮಗಳ ಹೆಸರು ಪರದೆಯ ಮೇಲೆ ಹಾಗೇ ಇತ್ತು.

“ಆತು ಬಿಡು,” ಎಂದಳು ಪಾರ್ವತೆಮ್ಮ. “ದೀಪ ಆರೋತನ ಕೌದಿ ಮುಟ್ಟಂಗಿಲ್ಲ. ಅಷ್ಟೇ ಅಲ್ಲೇನು?”

ಅಷ್ಟೇ ಎಂದಳು ಹುಸೇನಮ್ಮ. ದೀಪ ನಿಂತು ಉರಿದರೆ ಈ ಯಂತ್ರ ಎಚ್ಚರವಾಗಿದೆ, ಮಿಣುಕಿದರೆ ತೂಕಡಿಸುತ್ತಿದೆ, ಪೂರ್ತಿ ಆರಿದರೆ ಕಟ್ಟಿಡಬಹುದು. ಆದರೂ ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದನ್ನು ಬಿಡಬೇಡ ಎಂದು ಉಮಾಶ್ರೀಗೆ ಎಚ್ಚರಿಸಿ ಎದ್ದಳು.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಲಹರಿಗೆ ದಡಾರದ ಚುಚ್ಚುಮದ್ದು ಹಾಕಿಸುವ ದಿನ. ಉಮಾಶ್ರೀ ಟೈಪ್ ಮಾಡುತ್ತಿರುವಾಗಲೇ ಆರೋಗ್ಯ ಕೇಂದ್ರದ ಸರದಿ ಬಂತೆಂದು ಹೊರಗಿನಿಂದ ಯಾರೋ ಕೂಗಿದರು. ಅವಳು ಮಗುವನ್ನೆತ್ತಿಕೊಂಡು ಹಾಗೇ ಓಡಿದಳು. ಗಂಡ ಅಂಬಾದಾಸ ಕಾರ್ಖಾನೆಯ ಪಾಳಿಯಲ್ಲಿದ್ದ. ಹುಸೇನಮ್ಮ ನಾಚಾರಂಗೆ ಹೋಗಿದ್ದಳು. ಎರಡಕ್ಕೆ ಕರೆಂಟು ಹೋಯಿತು. ಮೂರರ ಸುಮಾರಿಗೆ ಲ್ಯಾಪ್‌ಟಾಪ್ ಸದ್ದು ಮಾಡಿತು.

ಪಾರ್ವತೆಮ್ಮ ಪರದೆಯ ಮುಂದೆ ಬಂದು ನಿಂತಳು. ಅದರಲ್ಲಿ ಬರೆದದ್ದು ಅವಳಿಗೆ ಓದಲು ಬಾರದು. ಕೊನೆಯ ಪದದ ಮುಂದೆ ಒಂದು ಗೆರೆ ಮಿಣುಕುತ್ತಿತ್ತು. ಸೊಸೆ ಸೂಜಿ ಹಿಡಿದಲ್ಲೇ ಎದ್ದುಹೋಗಿದ್ದಾಳೆಂದು ತಿಳಿಯಿತು. ಅವಳ ಕೈ ರೂಢಿಯಂತೆ ಅರಿವೆಯ ಕಡೆ ಹೋಯಿತು. ಅದನ್ನು ಹೆಗಲ ಮೇಲೆ ಹಾಕಿಕೊಂಡು, ಮುಚ್ಚಳವನ್ನು ಎರಡೂ ಕೈಯಿಂದ ಪೂರ್ತಿ ಕೂಡಿಸಿದಳು. ಕಿವಿಯಿಟ್ಟು ಗುರ್‌ಗುರ್ ಸದ್ದು ಕೇಳಿದಳು. ಸದ್ದು ನಿಂತಿತು. ದೀಪ ಆರಿತು. ಆದರೂ ಕೌದಿ ಹೊದಿಸಲಿಲ್ಲ. ಪಕ್ಕದಲ್ಲೇ ಕೂತಳು.

ಉಮಾಶ್ರೀ ಮರಳಿದಾಗ ನಾಲ್ಕು ಹೊಡೆದಿತ್ತು, ಕರೆಂಟು ಬಂದಿತ್ತು. ಅತ್ತೆ ಮಗುವನ್ನು ಎತ್ತಿಕೊಂಡಳು. ಉಮಾಶ್ರೀ ಪ್ಲಗ್ ಹಾಕಿ ಗುಂಡಿ ಒತ್ತಿದಳು. ಅರ್ಧ ಟೈಪ್ ಮಾಡಿದ ಪದ, ಅದರ ಮುಂದೆ ಮಿಣುಕುವ ಗೆರೆ. ಉಳಿದರ್ಧವನ್ನು ಟೈಪ್ ಮಾಡಿ ಮುಂದುವರಿದಳು. ಐದಕ್ಕೆ ಹತ್ತು ನಿಮಿಷವಿರುವಾಗ ಫೈಲು ಹೋಯಿತು.

ಮನೆಯಿಂದಲೇ ಮಾಡಿ ಎಂದು ಕಂಪನಿಯವರು ಹೇಳಿದರು. ಕಚೇರಿಯ ಚೀಲ ಮತ್ತೆ ಅಲ್ಮಾರಿಯ ಮೇಲೆ ಏರಲಿಲ್ಲ. ಅದರಲ್ಲೀಗ ಲಹರಿಯ ಚುಚ್ಚುಮದ್ದಿನ ಕಾರ್ಡು, ಎರಡು ಲಂಗೋಟಿ, ನಾಲ್ಕು ಮಡಿಕೆಯ ಆ ಅರಿವೆ ಇವೆ.

ಇದನ್ನು ಓದುತ್ತಿರುವ, ಮಹಿಳಾ ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ನಿಮ್ಮ ಮನೆಗೂ ಇಂಥದ್ದೊಂದು ಯಂತ್ರ ಬಂದಿರಬಹುದು, ಇಲ್ಲವೇ ನಾಳೆ ಬಂದೀತು. ಸ್ವಲ್ಪ ಹೊತ್ತಿಗೆ ಎದ್ದು ಹೋಗುವಾಗ ಸ್ಟ್ಯಾಂಡ್‌ಬೈ ಸಾಕು. ಕೆಲವು ಯಂತ್ರಗಳಲ್ಲಿ ಅದಕ್ಕೆ ಸ್ಲೀಪ್ ಎಂದಿರುತ್ತದೆ. ಕರೆಂಟು ಹೋಗುವ ವೇಳೆಗೆ, ಊರಿಗೆ ಹೊತ್ತೊಯ್ಯುವಾಗ ಹೈಬರ್ನೇಟ್ ಮಾಡಿ. ಕೆಲಸ ಮುಗಿದಿದ್ದರೆ ಸೇವ್ ಮಾಡಿ ಶಟ್‌ಡೌನ್ ಮಾಡಿ. ಎಚ್ಚರವಿರುವ ಯಂತ್ರವನ್ನು ಚೀಲದಲ್ಲಿ, ಹಾಸಿಗೆಯಲ್ಲಿ ಮುಚ್ಚಿಡಬೇಡಿ. ಮುಚ್ಚಳದ ನಡುವೆ ಏನನ್ನೂ ಇಡಬೇಡಿ. ನಿಮ್ಮ ಯಂತ್ರದ ದೀಪ ಏನು ಹೇಳುತ್ತದೆಂದು ಇಂದೇ ಒಮ್ಮೆ ಪರೀಕ್ಷಿಸಿ ನೋಡಿ. ಮನೆಯಲ್ಲಿ ಅದನ್ನು ಮುಚ್ಚಿಡುವವರು ಯಾರೋ, ಮೊದಲು ಅವರಿಗೆ ತೋರಿಸಿ.