ನೆಟ್‌ವರ್ಕ್ ಕಾರ್ಡಿನ ನೀಲಿ ದೀಪ

ಉಗುರಿನಷ್ಟಿದ್ದ ಆ ವೈಫೈ ಕಾರ್ಡಿನ ತುದಿಯಲ್ಲಿ ಒಂದು ನೀಲಿ ದೀಪವಿತ್ತು. ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದು ಮಿನುಗಬೇಕು. ನಾನು ಮೊದಲು ಕೊಂಡು ತಂದ ಯಾವ ಕಾರ್ಡಿನಲ್ಲೂ ಮಿನುಗಲಿಲ್ಲ.

ಮದುವೆಯಾದ ವರ್ಷ ನನ್ನ ಗಂಡ ಮಧುಕೇಶನೂ ನಾನೂ ಹೋಗಿ ಕೊಂಡ ಲ್ಯಾಪ್‌ಟಾಪು. ಅವನು ತೀರಿಕೊಂಡ ಕೆಲವೇ ವಾರಗಳಲ್ಲಿ ಅದರೊಳಗಿನ ವೈಫೈ ಕಾರ್ಡೂ ಕೆಟ್ಟಿತು. ನನಗೆ ಮನೆಯಿಂದಲೇ ಪಾಠ ಹೇಳುವ ಕೆಲಸ ಸಿಕ್ಕಿತ್ತು, ನೆಟ್ ಬೇಕಿತ್ತು. ಮಧುಕೇಶ ಅದರಲ್ಲಿ ಎಲ್ಲರಂತೆ ವಿಂಡೋಸ್ ಅಲ್ಲ, ಲಿನಕ್ಸ್ ಹಾಕಿಕೊಂಡಿದ್ದ. ಅಂಗಡಿಯವನೊಬ್ಬ ಪರದೆ ನೋಡಿ ನಕ್ಕ. “ಇದಕ್ಕೆ ಯಾವ ಕಾರ್ಡೂ ಸರಿಹೋಗಲ್ಲ ಮೇಡಂ. ಎಲ್ಲ ಅಳಿಸಿ ವಿಂಡೋಸ್ ಹಾಕ್ಕೊಡ್ತೀನಿ, ಸಂಜೆ ಬನ್ನಿ.”

ಅಳಿಸುವ ಮಾತು ಕೇಳಿ ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಬಂದೆ.

ಅದು ಬಿಟ್ಟರೆ ಅವನದೆಂದು ನನ್ನಲ್ಲಿ ಉಳಿದದ್ದು ಒಂದು ಮಾತು. ಅವನ ವೈಕುಂಠ ಸಮಾರಾಧನೆಯ ದಿನ, ಛತ್ರದಲ್ಲಿ, ಬಂಧುಗಳೆಲ್ಲರೆದುರು ಅತ್ತೆ ಅಂದದ್ದು: “ಇವಳನ್ನ ಕಟ್ಕೊಂಡ ಮೇಲೆ ನನ್ನ ಮಗ ನಮ್ಮ ಹೊಸ್ತಿಲು ತುಳೀಲಿಲ್ಲ.” ಅವರು ಬೈದದ್ದನ್ನು ನಾನು ಒಡವೆಯಂತೆ ತೆಗೆದಿಟ್ಟುಕೊಂಡೆ. ಹೆತ್ತ ಮನೆಯನ್ನೇ ಬಿಟ್ಟು ನನ್ನನ್ನು ಆರಿಸಿಕೊಂಡವನು. ಅಷ್ಟನ್ನು ಸಾವೂ ಕಸಿಯಲಾರದು ಎಂದುಕೊಂಡಿದ್ದೆ.

ಹಳೆಯ ಕಂಪ್ಯೂಟರ್ ಮಾರುವ ಫಕ್ರುದ್ದೀನ್ ಸಾಹೇಬರು ಬಿಸ್ಕತ್ತಿನ ಡಬ್ಬಿಯನ್ನು ನನ್ನ ಮುಂದೆ ಸುರಿದರು. ತುಂಬ ಕಾರ್ಡುಗಳು.

“ಒಂದೊಂದೇ ಚುಚ್ಚಿ ನೋಡಮ್ಮಾ. ಗಂಡು ನೋಡೋ ಹಾಗೆ. ನಿಮ್ಮೆಜಮಾನ್ರನ್ನೇ ಕಳಿಸಬಾರದಿತ್ತಾ?”

“ಅವರು ಇಲ್ಲ.”

ಸಾಹೇಬರು ಪೆಚ್ಚಾಗಿ ಖಾಲಿ ಡಬ್ಬಿಯನ್ನು ಒರೆಸತೊಡಗಿದರು.

ಮಧುಕೇಶ ಹೇಳುತ್ತಿದ್ದ: “ಲಿನಕ್ಸಿಗೆ ಕಾರ್ಡು ಕೊಳ್ಳೋವಾಗ ಮೇಲಿನ ಹೆಸರು ನಂಬಬಾರದು ಕಣೇ. ಅದೇ ಕಂಪನಿ, ಅದೇ ಬಣ್ಣ, ಒಳಗಿನ ಚಿಪ್ ಮಾತ್ರ ಬೇರೆ ಇರುತ್ತೆ.” ಅವಳಿಗಳಂತಿದ್ದ ಎರಡರಲ್ಲಿ ಒಂದು ಸುಮ್ಮನೆ ಕೂತಿತು. ಇನ್ನೊಂದನ್ನು ಚುಚ್ಚಿದೊಡನೆ ದೀಪ ಮಿನುಗಿತು. ಬೀದಿಯ ವೈಫೈಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಬಂದವು. ಯಾವುದನ್ನು ಒತ್ತಿದರೂ ಪಾಸ್‌ವರ್ಡ್ ಕೇಳಿತು.

ಮನೆಗೆ ತಂದು ತೆರೆದಾಗ ಮಾತ್ರ ಏನೂ ಕೇಳದೆ ನಮ್ಮ ವೈಫೈಗೆ ತಾನಾಗಿ ಸೇರಿಕೊಂಡಿತು. ಹಿಂದೆಂದೋ ಅವನು ಕೊಟ್ಟಿದ್ದ ಪಾಸ್‌ವರ್ಡು ಅದಕ್ಕೆ ನೆನಪಿತ್ತು. ಆ ದೀಪವನ್ನು ನೋಡುತ್ತ ಬಹಳ ಹೊತ್ತು ಕೂತೆ. ಅಂದು ಗುರುವಾರ. ಪ್ರತಿ ಗುರುವಾರ ಅವನು ಈ ಲ್ಯಾಪ್‌ಟಾಪ್ ಹೊತ್ತು ಆಫೀಸಿನಿಂದ ತಡವಾಗಿ ಬಂದು ತಟ್ಟೆ ಸರಿಸುತ್ತಿದ್ದ, “ಬೇಡ, ಹೊಟ್ಟೆ ಸರಿ ಇಲ್ಲ.” ನಾನು ಜೀರಿಗೆ ಕಷಾಯ ಮಾಡಿಕೊಡುತ್ತಿದ್ದೆ. ಅಂದೂ ಮಾಡಿದೆ. ನಾನೇ ಕುಡಿದೆ.

ಕೆಲವು ದಿನಗಳ ಮೇಲೆ ನಾದಿನಿ ಪಾವನಿ ಫೋನ್ ಮಾಡಿದಳು. “ಅತ್ತಿಗೆ, ಅಮ್ಮ ಅಣ್ಣನ ಫೋಟೋ ನೋಡ್ಬೇಕು ಅಂತ ಹಟ ಹಿಡಿದಿದಾಳೆ. ಲ್ಯಾಪ್‌ಟಾಪ್ ತಗೊಂಡು ಬರ್ತೀರಾ?”

ಆ ಮನೆಯ ಹೊಸ್ತಿಲನ್ನು ನಾನು ದಾಟಿದ್ದು ಅದೇ ಮೊದಲು. ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೆರೆದೆ. ಪಾವನಿ ಅಮ್ಮನನ್ನು ಕೈಹಿಡಿದು ತಂದು ಕೂರಿಸುತ್ತಿದ್ದಳು.

ನೀಲಿ ದೀಪ ಮಿನುಗಿತು. ಲ್ಯಾಪ್‌ಟಾಪು ಏನೂ ಕೇಳದೆ ಆ ಮನೆಯ ವೈಫೈಗೆ ಸೇರಿಕೊಂಡಿತ್ತು.

“ನಿಮ್ಮನೆ ಪಾಸ್‌ವರ್ಡ್ ಇದಕ್ಕೆ ಹೇಗೆ ಗೊತ್ತು?” ಎಂದೆ.

ಪಾವನಿ ತಡವರಿಸಿದಳು. “ಅಣ್ಣ ಇಲ್ಲಿದ್ದಾಗಿನದು ಇರ್ಬೇಕು, ಅತ್ತಿಗೆ.”

“ಇದನ್ನ ಕೊಂಡಿದ್ದು ಮದುವೆ ಆದ್ಮೇಲೆ.”

ಅವಳು ಅಮ್ಮನ ಮುಖ ನೋಡಿದಳು. ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

“ಇನ್ನು ಮುಚ್ಚಿಟ್ಟು ಏನಾಗಬೇಕು? ಗುರುವಾರ ಬರ್ತಿದ್ದ. ಊಟ ಮಾಡಿ, ಈ ಲ್ಯಾಪ್‌ಟಾಪನ್ನ ಒಂದಿಷ್ಟು ಹೊತ್ತು ಕುಟ್ಕೊಂಡು ಕೂತಿದ್ದು ಹೋಗ್ತಿದ್ದ. ನಿನಗೆ ಹೇಳ್ಬೇಡ ಅಂದಿದ್ದ, ನೊಂದ್ಕೋತೀಯ ಅಂತ.”

“ಮತ್ತೆ ಛತ್ರದಲ್ಲಿ, ಅಷ್ಟು ಜನರೆದುರು ಹಾಗಂದ್ರಲ್ಲ?”

“ಯಾರನ್ನಾದ್ರೂ ಬೈಬೇಕಿತ್ತು ಕಣೇ,” ಎಂದರು ಅತ್ತೆ. “ಅವನನ್ನ ಬೈಯೋ ಹಾಗಿರ್ಲಿಲ್ಲ.”

ನಾನು ಫೋಟೋಗಳನ್ನು ಒಂದೊಂದಾಗಿ ತೋರಿಸಿದೆ. ತಾಯಿ ಮಗಳು ಅತ್ತರು. ನಗುತ್ತಿದ್ದವನನ್ನು ನಾನು ಪರಿಚಯವಿಲ್ಲದವರನ್ನು ನೋಡುವಂತೆ ನೋಡಿದೆ.

ಮುಗಿದ ಮೇಲೆ ಪಾವನಿ ಗೋಡೆಯ ಬದಿಗೆ ಒಂದು ಮಣೆ ಹಾಕಿ ತಟ್ಟೆ ಇಟ್ಟಳು. “ಏಳಿ ಅತ್ತಿಗೆ. ಅಣ್ಣ ಇಲ್ಲೇ ಕೂರ್ತಿದ್ದ.”

“ಬೇಡ,” ಎಂದೆ. “ಹೊಟ್ಟೆ ಸರಿ ಇಲ್ಲ.”

ಅತ್ತೆ ನನ್ನನ್ನೇ ಒಂದು ಗಳಿಗೆ ನೋಡಿ, ಮೆಲ್ಲಗೆ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಜೀರಿಗೆ ಹುರಿಯುವ ವಾಸನೆ ಬಂತು. ಸ್ಟೂಲಿನ ಮೇಲೆ ನೀಲಿ ದೀಪ ಮಿನುಗುತ್ತಲೇ ಇತ್ತು.